ಎದುರು ಬಂದು ಕೇಳದ ಒಡೆಯರಿಗೆ ಲೆಕ್ಕ

(ಸಾರ್ವಜನಿಕ ಅರಣ್ಯಗಳ ನಿರ್ವಹಣೆಗೆ ಹೊಸದಾಗಿ ಸೇರಿದವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸ್ವಂತ ಜಮೀನಿನಲ್ಲಿ ಮರ ಬೆಳೆಸಿದವನು ಬೆಳಿಗ್ಗೆ ಎದ್ದು ಒಂದು ಸುತ್ತು ಹಾಕಿ ಬರುತ್ತಾನೆ. ಮರ ಬಿದ್ದಿದ್ದರೆ, ಕೊಂಬೆ ಕಳುವಾಗಿದ್ದರೆ ಅವನಿಗೆ ಅಂದೇ ತಿಳಿಯುತ್ತದೆ. ಕೆಲಸದವನನ್ನು ಕರೆದು ವಿಚಾರಿಸುತ್ತಾನೆ. ನೀವು ನೋಡಿಕೊಳ್ಳಲಿರುವ ಕಾಡಿನ ಒಡೆಯರು ಹಾಗೆ ಬರುವವರಲ್ಲ. ಅವರು ದೇಶದ ಉದ್ದಗಲಕ್ಕೂ ಹರಡಿಹೋಗಿದ್ದಾರೆ. ಬಹುಪಾಲು ಜನ ಆ ಕಾಡನ್ನು ಬದುಕಿನಲ್ಲಿ ಒಮ್ಮೆಯೂ ನೋಡುವುದಿಲ್ಲ. ಎಷ್ಟೋ ಮಂದಿ ಇನ್ನೂ ಹುಟ್ಟಿಯೇ ಇಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನ ಕಾಡು ಸುಮಾರು 406 ಕೋಟಿ ಹೆಕ್ಟೇರ್. ಅದರಲ್ಲಿ ಸುಮಾರು ಶೇಕಡ 73ರಷ್ಟು ಸಾರ್ವಜನಿಕ ಒಡೆತನದ್ದು. ಅಂದರೆ ನಾಲ್ಕು ಹೆಕ್ಟೇರ್ ಕಾಡಿನಲ್ಲಿ ಹೆಚ್ಚುಕಡಿಮೆ ಮೂರು ಹೆಕ್ಟೇರಿನ ಒಡೆಯರು ಎಂದೂ ಎದುರಿಗೆ ಬಂದು ಲೆಕ್ಕ ಕೇಳುವುದಿಲ್ಲ.

ಕೇಳುವವರು ಬಾರದ ಕಡೆ, ಕೇಳದೆಯೇ ಲೆಕ್ಕ ಒಪ್ಪಿಸಬೇಕು. ಹೊಸ ಅರಣ್ಯಾಧಿಕಾರಿಯ ಕೆಲಸವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ದೊಡ್ಡ ತೀರ್ಮಾನಗಳು ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದಿಲ್ಲ. ಯಾವ ಭಾಗದಲ್ಲಿ ಮರ ತೆಗೆಯಬೇಕು, ಯಾವುದನ್ನು ಮುಟ್ಟಬಾರದು, ಎಲ್ಲಿ ಸಸಿ ನೆಡಬೇಕು ಎಂಬುದೆಲ್ಲ ಕಾರ್ಯಯೋಜನೆಯಲ್ಲಿ ಮುಂಚೆಯೇ ಬರೆದಿರುತ್ತದೆ. ಆದರೆ ಆ ಯೋಜನೆಯನ್ನು ಬರೆದವರು ಪ್ರತಿ ಮರದ ಹತ್ತಿರವೂ ಹೋಗಿರಲಿಲ್ಲ. ನಿಮ್ಮಂಥವರು ಮಳೆಯಲ್ಲಿ, ಮುಳ್ಳುಪೊದೆಯಲ್ಲಿ ನಿಂತು ಅಳೆದು ಬರೆದ ಅಂಕಿಗಳನ್ನು ನಂಬಿ ಅವರು ಬರೆದಿದ್ದಾರೆ. ಆ ಅಂಕಿ ಸುಳ್ಳಾದರೆ ಮೇಲಿನದೆಲ್ಲವೂ ಸುಳ್ಳು.

ಆದ್ದರಿಂದ ಮೊದಲು ಅಳತೆಯ ವಿಷಯ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಮರದ ದಪ್ಪವನ್ನು ಎದೆಮಟ್ಟದಲ್ಲಿ ಅಳೆಯುತ್ತೇವೆ. ಎದೆಮಟ್ಟ ಎಂದರೆ ನಿಮ್ಮ ಎದೆಯ ಎತ್ತರವಲ್ಲ, ನೆಲದಿಂದ ಗೊತ್ತುಮಾಡಿದ ಎತ್ತರ. ಬಹಳಷ್ಟು ದೇಶಗಳಲ್ಲಿ ಅದು 1.3 ಮೀಟರ್; ಅಮೆರಿಕ, ಭಾರತಗಳಲ್ಲಿ 1.37 ಮೀಟರ್. ಇಳಿಜಾರಿನಲ್ಲಿ ನಿಂತ ಮರವಾದರೆ ಮೇಲ್ಬದಿಯ ನೆಲದಿಂದ ಎತ್ತರ ಹಿಡಿಯಬೇಕು. ಬಳ್ಳಿ ಸುತ್ತಿದ್ದರೆ ಟೇಪನ್ನು ಬಳ್ಳಿಯ ಮೇಲೆ ಹಾಯಿಸಬಾರದು, ಅದರ ಅಡಿಯಿಂದ ತೂರಿಸಬೇಕು. ಬುಡದ ಬೇರುಗಳು ಹಲಗೆಯಂತೆ ಚಾಚಿಕೊಂಡಿದ್ದರೆ ಅವು ಮುಗಿಯುವ ಕಡೆಯಿಂದ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದಿರಿ ಎಂಬುದನ್ನೂ ಬರೆಯಬೇಕು. ಇವು ಸಣ್ಣ ವಿಷಯಗಳೆಂದು ಕಾಣುತ್ತವೆ. 40 ಸೆಂಟಿಮೀಟರ್ ವ್ಯಾಸದ ಮರವನ್ನು ಅವಸರದಲ್ಲಿ 42 ಎಂದು ಬರೆದಿರಿ ಎಂದುಕೊಳ್ಳಿ. ಎರಡೇ ಸೆಂಟಿಮೀಟರ್. ಆದರೆ ನಾಟಾದ ಪ್ರಮಾಣ ವ್ಯಾಸದ ವರ್ಗಕ್ಕೆ, ಅಂದರೆ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುವುದರಿಂದ ಮರದ ಲೆಕ್ಕದಲ್ಲಿ ಶೇಕಡ 10ರಷ್ಟು ಇಲ್ಲದ ಕಟ್ಟಿಗೆ ಸೇರಿಹೋಯಿತು. ದಿನವಿಡೀ ಟೇಪನ್ನು ಸಡಿಲವಾಗಿ ಹಿಡಿದರೆ ಎಲ್ಲ ಮರಗಳಲ್ಲೂ ಅದೇ ತಪ್ಪು ಒಂದೇ ದಿಕ್ಕಿನಲ್ಲಿ ಸೇರುತ್ತ ಹೋಗುತ್ತದೆ, ಒಂದು ಮತ್ತೊಂದನ್ನು ಸರಿದೂಗಿಸುವುದಿಲ್ಲ.

ಇಡೀ ಕಾಡನ್ನು ಅಳೆಯಲು ಆಗದು, ಆದ್ದರಿಂದ ಮಾದರಿ ತಾಕುಗಳನ್ನು ಹಾಕುತ್ತೇವೆ, ಅಂದರೆ ಅಲ್ಲಲ್ಲಿ ಸಣ್ಣ ತುಂಡು ಜಾಗಗಳನ್ನು ಅಳೆದು ಅದರಿಂದ ಇಡೀ ಕಾಡನ್ನು ಅಂದಾಜು ಮಾಡುತ್ತೇವೆ. 12.62 ಮೀಟರ್ ತ್ರಿಜ್ಯದ ವೃತ್ತ ಎಂದರೆ 500 ಚದರ ಮೀಟರ್, ಹೆಕ್ಟೇರಿನ ಇಪ್ಪತ್ತನೇ ಒಂದು ಭಾಗ. ಆ ವೃತ್ತದೊಳಗಿನ ಒಂದು ಮರ ಕಾಗದದ ಮೇಲೆ ಹೆಕ್ಟೇರಿಗೆ ಇಪ್ಪತ್ತು ಮರಗಳಾಗುತ್ತದೆ. ವೃತ್ತದ ಅಂಚಿನಲ್ಲಿ ಒಂದು ದೊಡ್ಡ ಮರ ಅರ್ಧ ಒಳಗೆ ಅರ್ಧ ಹೊರಗೆ ಎಂಬಂತೆ ನಿಂತಿರುತ್ತದೆ. ಕಣ್ಣಂದಾಜಿನಲ್ಲಿ ಅದನ್ನು ಒಳಗೆ ಸೇರಿಸಿದರೆ ಇಪ್ಪತ್ತು ದೊಡ್ಡ ಮರಗಳನ್ನು ನೀವು ಸೃಷ್ಟಿಸಿದಂತೆ. ಟೇಪು ಹಿಡಿಯಿರಿ, ಕಾಂಡದ ನಡುವಿನವರೆಗೆ ಅಳೆಯಿರಿ, ಆಮೇಲೆ ಒಳಗೋ ಹೊರಗೋ ಹೇಳಿ. ಆ ಟೇಪನ್ನು ನೆಲಕ್ಕೆ ಒರಗಿಸಿ ಎಳೆಯಬೇಡಿ. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ ಅಳೆದ 20 ಮೀಟರ್, ಮಟ್ಟಸವಾಗಿ ಅಳೆದರೆ 17.3 ಮೀಟರ್ ಮಾತ್ರ. ಭೂಪಟದ ವಿಸ್ತೀರ್ಣಗಳೆಲ್ಲ ಮಟ್ಟಸದ ಲೆಕ್ಕದವು.

ಇವೆಲ್ಲಕ್ಕಿಂತ ಕೆಟ್ಟದ್ದು ತಾಕನ್ನು ಸರಿಸುವುದು. ಭೂಪಟದ ಮೇಲೆ ತಾಕಿಗೆ ಮೊದಲೇ ಗುರುತಿಸಿದ ಬಿಂದು ಜೌಗು ನೆಲದ ನಡುವೆ ಬಿದ್ದಿರುತ್ತದೆ. ಪಕ್ಕದಲ್ಲೇ ಒಣನೆಲ, ಒಳ್ಳೆಯ ಮರಗಳು, ನಡೆದಾಡಲು ಸಲೀಸು. ಸಂಜೆಯಾಗಿದೆ, ಜೊತೆಗಿರುವವರು ದಣಿದಿದ್ದಾರೆ. ಮೂವತ್ತು ಹೆಜ್ಜೆ ಆಚೆ ಹಾಕಿದರೆ ಯಾರಿಗೆ ತಿಳಿಯುತ್ತದೆ? ಯಾರಿಗೂ ತಿಳಿಯುವುದಿಲ್ಲ, ನಿಜ. ಆದರೆ ಎಲ್ಲರೂ ಹೀಗೆ ಸರಿಸಿದರೆ ಆ ಕಾಡಿನ ಲೆಕ್ಕದಲ್ಲಿ ಜೌಗು ಎಂಬುದೇ ಇರುವುದಿಲ್ಲ, ಬಂಡೆ ಇರುವುದಿಲ್ಲ, ಬೋಳುಜಾಗ ಇರುವುದಿಲ್ಲ. ಇರುವುದಕ್ಕಿಂತ ಹೆಚ್ಚು ಮರ ಇದೆಯೆಂದು ಯೋಜನೆ ನಂಬುತ್ತದೆ, ಆ ನಂಬಿಕೆಯ ಮೇಲೆ ಕಡಿತದ ಪ್ರಮಾಣ ನಿಗದಿಯಾಗುತ್ತದೆ. ಇಲ್ಲದ ಮರಗಳ ಪಾಲನ್ನು ಇರುವ ಮರಗಳಿಂದಲೇ ಕಡಿಯಬೇಕಾಗುತ್ತದೆ. ಬಿಂದು ಎಲ್ಲಿ ಬಿದ್ದಿದೆಯೋ ತಾಕು ಅಲ್ಲೇ. ಅಲ್ಲಿ ಒಂದೂ ಮರವಿಲ್ಲದಿದ್ದರೆ ಸೊನ್ನೆ ಎಂದು ಬರೆಯಿರಿ. ಆ ಸೊನ್ನೆಯೂ ಒಂದು ಅಳತೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಎರಡು ಸಂಗತಿ ಹೇಳಬೇಕು, ನನಗೆ ಬಹಳ ಇಷ್ಟವಾದವು. 1856ರಲ್ಲಿ ಬರ್ಮಾದ ಪೆಗು ಸೀಮೆಯ ತೇಗದ ಕಾಡುಗಳ ಹೊಣೆ ಡೀಟ್ರಿಕ್ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞನ ಪಾಲಿಗೆ ಬಂತು. ಅಲ್ಲಿ ಎಷ್ಟು ತೇಗವಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆತ ಆನೆಯ ಮೇಲೆ ಕುಳಿತು ಕಾಡನ್ನು ಸೀಳಿಕೊಂಡು ಸಾಗಿದ; ಕಂಡ ತೇಗವನ್ನು ದಪ್ಪಕ್ಕೆ ತಕ್ಕಂತೆ ವಿಂಗಡಿಸಿ, ಒಂದೊಂದು ವರ್ಗಕ್ಕೆ ಒಂದೊಂದು ಬಿದಿರಿನ ತುಂಡು ಇಟ್ಟುಕೊಂಡು, ಮರ ಕಂಡಾಗೆಲ್ಲ ಚಾಕುವಿನಿಂದ ಗೀರು ಹಾಕುತ್ತ ಹೋದ. ಆ ಗೀರುಗಳಿಂದ ಅಂದಾಜು ಹುಟ್ಟಿತು. ಅಂದಾಜಿನಿಂದ ವರ್ಷಕ್ಕೆ ಎಷ್ಟು ಕಡಿಯಬಹುದು ಎಂಬ ಮಿತಿ ಹುಟ್ಟಿತು. ಎಣಿಕೆಯಿಲ್ಲದೆ ಮಿತಿಯಿಲ್ಲ.

ಇನ್ನೊಂದು ಸಂಗತಿ ಆಸ್ಟ್ರಿಯಾದ ಅರಣ್ಯಾಧಿಕಾರಿ ವಾಲ್ಟರ್ ಬಿಟ್ಟರ್‌ಲಿಖ್ 1948ರಲ್ಲಿ ಪ್ರಕಟಿಸಿದ ವಿಧಾನ. ಕಣ್ಣಿನಿಂದ ಒಂದು ಮೀಟರ್ ದೂರದಲ್ಲಿ 2 ಸೆಂಟಿಮೀಟರ್ ಅಗಲದ ಪಟ್ಟಿಯೊಂದನ್ನು ಹಿಡಿದು, ನಿಂತಲ್ಲೇ ಒಂದು ಪೂರ್ತಿ ಸುತ್ತು ತಿರುಗಿ. ಯಾವ ಕಾಂಡಗಳು ಪಟ್ಟಿಗಿಂತ ಅಗಲವಾಗಿ ಕಾಣುತ್ತವೆಯೋ ಅವನ್ನು ಮಾತ್ರ ಎಣಿಸಿ. ಹದಿನೆಂಟು ಮರ ಬಂದರೆ, ಆ ಜಾಗದಲ್ಲಿ ಹೆಕ್ಟೇರಿಗೆ ಎದೆಮಟ್ಟದಲ್ಲಿ ಕಾಂಡಗಳ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ 18 ಚದರ ಮೀಟರ್. ಟೇಪಿಲ್ಲ, ವೃತ್ತವಿಲ್ಲ, ಗುಣಾಕಾರವೂ ಇಲ್ಲ. ದಪ್ಪ ಮರ ದೂರದಿಂದಲೂ ಲೆಕ್ಕಕ್ಕೆ ಬರುತ್ತದೆ, ಸಣ್ಣ ಮರ ಹತ್ತಿರವಿದ್ದರೆ ಮಾತ್ರ. ಆದ್ದರಿಂದ ಎಣಿಕೆಗೆ ಬಂದ ಪ್ರತಿ ಮರವೂ, ದಪ್ಪವಿರಲಿ ಸಣ್ಣದಿರಲಿ, ಹೆಕ್ಟೇರಿಗೆ ಒಂದೇ ಚದರ ಮೀಟರ್ ವಿಸ್ತೀರ್ಣವನ್ನು ಪ್ರತಿನಿಧಿಸುತ್ತದೆ. ಇವತ್ತು ಮನೆಗೆ ಹೋಗಿ ಕಾಗದದ ಮೇಲೆ ಲೆಕ್ಕ ಮಾಡಿ ನೋಡಿ. ಇಷ್ಟು ಸರಳವಾದದ್ದು ಇಷ್ಟು ನಿಖರವಾಗಿರಬಲ್ಲದು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ವಿಷಯ.

ಗಡಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒತ್ತುವರಿ ಒಂದೇ ರಾತ್ರಿಯಲ್ಲಿ ಆಗುವುದು ಅಪರೂಪ. ಬೇಲಿಯ ಒಂದು ಕಂಬ ಈ ವರ್ಷ ಒಂದು ಮೊಳ ಒಳಗೆ ಬರುತ್ತದೆ, ಮುಂದಿನ ವರ್ಷ ಇನ್ನೊಂದು. ಗಡಿಕಲ್ಲು ಪೊದೆಯಲ್ಲಿ ಮುಚ್ಚಿಹೋಗುತ್ತದೆ, ಗುರುತು ಹಾಕಿದ ಮರ ಸತ್ತು ಬೀಳುತ್ತದೆ. ಹತ್ತು ವರ್ಷ ಯಾರೂ ಆ ಗೆರೆಯ ಮೇಲೆ ನಡೆಯದಿದ್ದರೆ, ಆ ಬಳಿಕ ಬಂದ ಅಧಿಕಾರಿ ನೆರೆಯ ರೈತನೊಂದಿಗೆ ಜಗಳವಾಡಬೇಕಾಗುತ್ತದೆ, ಆ ಜಗಳದಲ್ಲಿ ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು. ಹೋದ ಹೊಸತರಲ್ಲೇ ಗಡಿಯನ್ನು ಪೂರ್ತಿ ನಡೆದು ಮುಗಿಸಿ. ಕಲ್ಲುಗಳ ಫೋಟೋ ತೆಗೆಯಿರಿ. ನೆರೆಯವರನ್ನು ಜೊತೆಗೆ ಕರೆದುಕೊಂಡು ನಡೆಯಿರಿ. ಒಟ್ಟಿಗೆ ನೋಡಿದ ಕಲ್ಲಿನ ಬಗ್ಗೆ ತಕರಾರು ಕಡಿಮೆ.

ಈಗ ಗುರುತು ಹಾಕುವ ಕೆಲಸಕ್ಕೆ ಬರುತ್ತೇನೆ. ಕಡಿಯಬೇಕಾದ ಮರಕ್ಕೆ ಬಣ್ಣ ಬಳಿಯುವುದು ಅಥವಾ ಸುತ್ತಿಗೆಯಿಂದ ಮುದ್ರೆ ಒತ್ತುವುದು. ಹೊಸಬರ ಕೈಗೆ ಬರುವ ಅತ್ಯಂತ ದೊಡ್ಡ ಅಧಿಕಾರ ಇದೇ. ಯೋಜನೆ ಏನೇ ಹೇಳಲಿ, ಈ ಮರವೋ ಆ ಮರವೋ ಎಂದು ಅಲ್ಲಿ ನಿಂತು ತೀರ್ಮಾನಿಸುವವರು ನೀವು.

ಮರದ ಬುಡಕ್ಕೆ ಹೋಗಿ ಕಾಂಡ ನೋಡುವುದು ಹೊಸಬರ ಅಭ್ಯಾಸ. ಮೊದಲು ತಲೆಯೆತ್ತಿ ನೋಡಿ. ಮರದ ಆರೋಗ್ಯ ನೆತ್ತಿಯಲ್ಲಿ ತಿಳಿಯುತ್ತದೆ: ಎಲೆ ದಟ್ಟವಾಗಿದೆಯೇ, ತುದಿ ಒಣಗಿದೆಯೇ, ಪಕ್ಕದ ಮರ ಅದರ ಬೆಳಕನ್ನು ಕಸಿದುಕೊಳ್ಳುತ್ತಿದೆಯೇ. ಆಮೇಲೆ ಕಾಂಡ, ಆಮೇಲೆ ಬುಡ. ಕೊನೆಗೆ ಆ ಮರವನ್ನು ಮನಸ್ಸಿನಲ್ಲೇ ತೆಗೆದುಹಾಕಿ, ಅಲ್ಲಿ ಬೀಳುವ ಬೆಳಕು ಯಾವುದಕ್ಕೆ ಸಿಗುತ್ತದೆ ಎಂದು ನೋಡಿ. ಕೆಳಗೆ ಕಾಯುತ್ತಿರುವ ಎಳೆಯ ಸಸಿಗಳಿಗೋ, ಕಳೆಗೋ? ಯಾವುದನ್ನು ತೆಗೆಯಬೇಕು ಎಂದು ಹುಡುಕಿಕೊಂಡು ಹೋಗುವವನು ಒಳ್ಳೆಯ ಮರಗಳನ್ನೇ ಆರಿಸುತ್ತಾನೆ, ಏಕೆಂದರೆ ಅವು ಕಣ್ಣಿಗೆ ಬೀಳುತ್ತವೆ, ಅವಕ್ಕೆ ಬೆಲೆಯಿದೆ, ಗುತ್ತಿಗೆದಾರನಿಗೂ ಅವೇ ಬೇಕು. ನೇರವಾದದ್ದನ್ನೆಲ್ಲ ತೆಗೆದು ಸೊಟ್ಟವನ್ನು, ರೋಗದ್ದನ್ನು ಬಿಟ್ಟುಬಂದರೆ ಮುಂದಿನ ಪೀಳಿಗೆಯ ಬೀಜ ಆ ಸೊಟ್ಟ ಮರಗಳಿಂದಲೇ ಬೀಳುತ್ತದೆ. ಯಾವುದು ಉಳಿಯಬೇಕು ಎಂದು ಮೊದಲು ನಿರ್ಧರಿಸಿ. ಅದಕ್ಕೆ ಅಡ್ಡಿಯಾದದ್ದಕ್ಕೆ ಬಣ್ಣ ಬಳಿಯಿರಿ.

ಟೊಳ್ಳು ಮರಗಳ ಬಗ್ಗೆ ವಿಶೇಷವಾಗಿ ಬೇಡಿಕೊಳ್ಳುತ್ತೇನೆ. ನಾಟಾದ ಲೆಕ್ಕದಲ್ಲಿ ಅವಕ್ಕೆ ಬೆಲೆಯಿಲ್ಲ, ಆದ್ದರಿಂದ ಕಸವೆಂದು ತೆಗೆದುಹಾಕಿಸುವವರಿದ್ದಾರೆ. ಗೂಬೆ, ಮರಕುಟಿಗ, ಬಾವಲಿ, ಅಳಿಲು, ಜೇನು ಇವೆಲ್ಲ ಆ ಪೊಟರೆಗಳಲ್ಲಿ ಬದುಕುತ್ತವೆ. ಆಸ್ಟ್ರೇಲಿಯಾದ ನೀಲಗಿರಿ ಜಾತಿಯ ಮರಗಳಲ್ಲಿ ಪ್ರಾಣಿ ವಾಸಿಸುವಷ್ಟು ದೊಡ್ಡ ಪೊಟರೆ ಉಂಟಾಗಲು ಅನೇಕ ವೇಳೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಸಸಿ ನೆಡಬಹುದು, ಪೊಟರೆಯನ್ನು ನೆಡಲಾಗದು. ದಾರಿಯ ಬದಿಯಲ್ಲಿ, ಜನ ಕೂರುವ ಜಾಗದಲ್ಲಿ ಒಣಮರ ಅಪಾಯ, ಅದನ್ನು ತೆಗೆಯಲೇಬೇಕು. ಉಳಿದ ಕಡೆ ಬಿಡಿ.

ಗುರುತನ್ನು ಎರಡು ಕಡೆ ಹಾಕಬೇಕು: ಒಂದು ಎದೆಮಟ್ಟದಲ್ಲಿ, ಕಡಿಯುವವರಿಗೆ ಕಾಣುವಂತೆ, ಇನ್ನೊಂದು ಬುಡದಲ್ಲಿ, ಗರಗಸ ಹಾಯುವ ಮಟ್ಟಕ್ಕಿಂತ ಕೆಳಗೆ. ಮರ ಉರುಳಿ ಲಾರಿ ಹತ್ತಿ ಹೋದ ಮೇಲೂ ಮೋಟಿನ ಮೇಲಿನ ಆ ಗುರುತು ಅಲ್ಲೇ ಇರುತ್ತದೆ. ಗುರುತಿಲ್ಲದ ಮೋಟು ಸಿಕ್ಕಿತೆಂದರೆ ಯಾರೋ ಪ್ರಶ್ನೆಗೆ ಉತ್ತರ ಕೊಡಬೇಕು. ಬುಡದ ಗುರುತನ್ನು ಹಾಕದೆ ಬಂದರೆ ಕಳ್ಳತನವನ್ನು ನೀವು ಮಾಡಿರದಿದ್ದರೂ ಅದರ ಸಾಕ್ಷ್ಯವನ್ನು ನೀವೇ ಅಳಿಸಿದಂತೆ.

ಕಡಿತ ಶುರುವಾದ ಮೇಲೆ ನಿಮ್ಮ ಗಮನ ನೆಲದ ಮೇಲಿರಲಿ. ಮರ ಮತ್ತೆ ಬೆಳೆಯುತ್ತದೆ, ಕೆಟ್ಟ ನೆಲ ಅಷ್ಟು ಬೇಗ ಸುಧಾರಿಸುವುದಿಲ್ಲ. ಭಾರದ ಯಂತ್ರ ಒದ್ದೆ ಮಣ್ಣಿನ ಮೇಲೆ ಓಡಿದರೆ, ಮೊದಲ ಕೆಲವೇ ಓಡಾಟಗಳಲ್ಲಿ ಮಣ್ಣು ಹೆಚ್ಚಿನ ಮಟ್ಟಿಗೆ ಗಟ್ಟಿಯಾಗಿಬಿಡುತ್ತದೆ. ಆದ್ದರಿಂದ ಯಂತ್ರ ಎಲ್ಲೆಂದರಲ್ಲಿ ಓಡಾಡಬಾರದು, ಗೊತ್ತುಮಾಡಿದ ಜಾಡಿನಲ್ಲೇ ಓಡಾಡಬೇಕು. ಕಾಡಿನ ಹೊಳೆಗಳಿಗೆ ಹೂಳು ಬರುವುದು ಕಡಿದ ಜಾಗಕ್ಕಿಂತ ಹೆಚ್ಚಾಗಿ ಕಾಡಿನ ರಸ್ತೆಗಳಿಂದ. ಮಳೆ ಬರುವಾಗ ಕಚೇರಿಯಲ್ಲಿ ಕೂರಬೇಡಿ. ಮೋರಿಗಳು ನೀರು ಒಯ್ಯುತ್ತಿವೆಯೇ, ರಸ್ತೆಯ ನೀರು ನೇರವಾಗಿ ತೊರೆಗೆ ಹೋಗುತ್ತಿದೆಯೇ ಎಂದು ಆಗಲೇ ತಿಳಿಯುವುದು. ಕೆಲಸ ನಿಲ್ಲಿಸಿ ಎಂದರೆ ಗುತ್ತಿಗೆದಾರನಿಗೆ ನಷ್ಟವಾಗುತ್ತದೆ, ಅವನ ಕೂಲಿಕಾರರ ದಿನ ಹೋಗುತ್ತದೆ. ಅದನ್ನು ಹಗುರವಾಗಿ ಕಾಣಬೇಡಿ. ಆದ್ದರಿಂದಲೇ ಯಾವ ಸ್ಥಿತಿಯಲ್ಲಿ ಕೆಲಸ ನಿಲ್ಲುತ್ತದೆ ಎಂಬುದನ್ನು ಮೊದಲ ದಿನವೇ, ಬಿಸಿಲಿರುವಾಗಲೇ, ಅವನೊಂದಿಗೆ ಕೂತು ಮಾತಾಡಿ ಬರೆದುಕೊಳ್ಳಿ.

ಜನರ ಬಗ್ಗೆ. ಒಂದೇ ಕಾಡಿಗೆ ಸೌದೆ ಆಯುವವರು, ದನ ಮೇಯಿಸುವವರು, ಅಣಬೆ ಹುಡುಕುವವರು, ನಡೆದಾಡಲು ಬರುವವರು, ನಾಟಾ ಬೇಕಾದವರು, ಒಂದು ಎಲೆಯನ್ನೂ ಮುಟ್ಟಬಾರದು ಎನ್ನುವವರು ಎಲ್ಲರೂ ಬರುತ್ತಾರೆ, ಎಲ್ಲರೂ ನಮ್ಮ ಕಾಡು ಎನ್ನುತ್ತಾರೆ. ಅವರೆಲ್ಲರ ಮಾತೂ ನಿಜ. ಸಮವಸ್ತ್ರ ತೊಟ್ಟ ಹೊಸತರಲ್ಲಿ ಅವರನ್ನು ತಡೆಯುವುದೇ ಕೆಲಸವೆಂದು ಅನ್ನಿಸುತ್ತದೆ. ಆದರೆ ಮೂವತ್ತು ವರ್ಷ ಅದೇ ದಾರಿಯಲ್ಲಿ ಸೌದೆ ಹೊತ್ತ ಹೆಂಗಸಿಗೆ ಯಾವ ಒರತೆ ಯಾವ ವರ್ಷ ಬತ್ತಿತು, ಯಾವ ಮರ ಹಣ್ಣು ಬಿಡುವುದನ್ನು ನಿಲ್ಲಿಸಿತು ಎಂಬುದು ಗೊತ್ತಿರುತ್ತದೆ, ನಿಮ್ಮ ಕಡತದಲ್ಲಿ ಅದು ಇರುವುದಿಲ್ಲ. ಕೇಳಿ ಬರೆದುಕೊಳ್ಳಿ. ನಿಮ್ಮ ಅಧಿಕಾರದಲ್ಲಿ ಇಲ್ಲದ್ದನ್ನು ಕೊಡುತ್ತೇನೆ ಎನ್ನಬೇಡಿ. ನಿಮ್ಮ ದೂರನ್ನು ಇಂಥವರಿಗೆ ಕಳುಹಿಸುತ್ತೇನೆ, ಇಂಥ ದಿನ ಬಂದು ಏನಾಯಿತೆಂದು ಹೇಳುತ್ತೇನೆ ಎನ್ನಿ. ಆ ದಿನ ಉತ್ತರ ಸಿಕ್ಕಿರದಿದ್ದರೂ ಹೋಗಿ. ಕಾಡಿನ ಅಂಚಿನ ಜನರ ವಿಶ್ವಾಸ ಹೀಗೆ ಹೋಗಿ ಬಂದು ಗಳಿಸುವಂಥದ್ದು, ಬೇರೆ ದಾರಿ ನಾನು ಕಂಡಿಲ್ಲ.

ಬೆಂಕಿಯ ಬಗ್ಗೆ ಮಾತಾಡುವಾಗ ನನಗೆ ಭಯವಾಗುತ್ತದೆ, ನಿಮಗೂ ಆಗಬೇಕು. ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಮೇಲಕ್ಕೆ ಏರುವ ಬೆಂಕಿಯ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. 20 ಡಿಗ್ರಿ ಎಂದರೆ ನಾಲ್ಕು ಪಟ್ಟು. ಮನುಷ್ಯ ಮೇಲಕ್ಕೆ ಓಡುವಾಗ ನಿಧಾನವಾಗುತ್ತಾನೆ, ಬೆಂಕಿ ವೇಗವಾಗುತ್ತದೆ. 1949ರಲ್ಲಿ ಅಮೆರಿಕದ ಮೊಂಟಾನಾದ ಮ್ಯಾನ್ ಗಲ್ಚ್ ಕಣಿವೆಯಲ್ಲಿ ಹುಲ್ಲಿನ ಇಳಿಜಾರನ್ನು ಹತ್ತಿ ಬಂದ ಬೆಂಕಿಗೆ 13 ಮಂದಿ ಬಲಿಯಾದರು. ತಂಡದ ಮುಖ್ಯಸ್ಥ ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಹಚ್ಚಿ, ಸುಟ್ಟ ಬೂದಿಯ ಮೇಲೆ ಮಲಗಿ ಬದುಕುಳಿದ. ಬೆಂಕಿಯ ಕೆಲಸಕ್ಕೆ ಕಾಲಿಡುವ ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಬೇಕು: ಬೆಂಕಿಯನ್ನು ಮೇಲಿನಿಂದ ನೋಡುತ್ತಿರುವವರು ಯಾರು, ಅವರ ಮಾತು ನಮಗೆ ಕೇಳಿಸುತ್ತದೆಯೇ, ಹೊರಗೋಡುವ ದಾರಿ ಎಲ್ಲಿದೆ, ಓಡಿ ಹೋಗಿ ನಿಲ್ಲುವ ಸುಟ್ಟ ಅಥವಾ ಬೋಳು ಜಾಗ ಎಲ್ಲಿದೆ. ಒಂದಕ್ಕೆ ಉತ್ತರವಿಲ್ಲದಿದ್ದರೂ ನಿಮ್ಮ ಜನರನ್ನು ಒಳಗೆ ಕಳುಹಿಸಬೇಡಿ. ಯಾರು ಬೈದರೂ ಸರಿ.

ಎಲ್ಲ ಬೆಂಕಿಯನ್ನೂ ನಂದಿಸುವುದೇ ಯಾವಾಗಲೂ ಸರಿ ಎಂದೂ ತಿಳಿಯಬೇಡಿ. ಅಮೆರಿಕದ ಅರಣ್ಯ ಸೇವೆ 1935ರಲ್ಲಿ, ಕಂಡ ಬೆಂಕಿಯೆಲ್ಲ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ಬರಬೇಕು ಎಂದು ನಿಯಮ ಮಾಡಿತು. ಆಗಾಗ ನೆಲಮಟ್ಟದ ಸಣ್ಣ ಬೆಂಕಿಗೆ ಒಗ್ಗಿದ್ದ ಪೈನ್ ಕಾಡುಗಳಲ್ಲಿ ದಶಕಗಳ ಕಾಲ ತರಗೆಲೆ, ಒಣಕೊಂಬೆ, ದಟ್ಟ ಸಸಿಗಳು ಶೇಖರವಾದವು. ಮುಂದೆ ಬಂದ ಬೆಂಕಿಗಳು ಮರದ ನೆತ್ತಿಗೇ ಏರಿದವು. 1970ರ ದಶಕದಲ್ಲಿ ಆ ನಿಯಮವನ್ನು ಕೈಬಿಟ್ಟರು. ನಿಮ್ಮ ಹಂತದಲ್ಲಿ ನೀತಿ ಬದಲಿಸಲು ಆಗದು. ಎಲ್ಲಿ, ಯಾವಾಗ, ಯಾವುದರಿಂದ ಹತ್ತಿತು, ಎಲ್ಲಿಯವರೆಗೆ ಹೋಯಿತು, ಎರಡು ವರ್ಷದ ಮೇಲೆ ಅಲ್ಲಿ ಏನು ಚಿಗುರಿತು ಎಂದು ಬರೆಯಬಹುದು. ನೀತಿ ಬದಲಿಸುವವರಿಗೆ ಬೇಕಾಗುವುದು ಅದೇ.

ಕೊನೆಗೆ, ನೀವು ಆ ಜಾಗ ಬಿಟ್ಟು ಹೋಗುವ ದಿನದ ಬಗ್ಗೆ. ವರ್ಗವಾಗುತ್ತದೆ, ಬಡ್ತಿಯಾಗುತ್ತದೆ, ಕಾಡು ಅಲ್ಲೇ ಇರುತ್ತದೆ. ಸ್ವೀಡನ್ನಿನ ವೆಟ್ಟರ್ನ್ ಸರೋವರದಲ್ಲಿರುವ ವಿಸಿಂಗ್‌ಸೋ ದ್ವೀಪದಲ್ಲಿ ನೌಕಾಪಡೆಯ ಹಡಗು ಕಟ್ಟಲು 1830ರ ದಶಕದಲ್ಲಿ ಓಕ್ ಮರಗಳನ್ನು ನೆಡತೊಡಗಿದರು. ಮರಗಳು ಬಲಿಯುವ ಹೊತ್ತಿಗೆ ಯುದ್ಧನೌಕೆಗಳು ಉಕ್ಕಿನವಾಗಿದ್ದವು. ನೆಟ್ಟವರು ದಡ್ಡರಾಗಿರಲಿಲ್ಲ. ಅವರಿಗೆ ಗೊತ್ತಿದ್ದಷ್ಟರ ಮಟ್ಟಿಗೆ ಒಳ್ಳೆಯ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು. ಉದ್ದೇಶ ತಪ್ಪಿದರೂ ಕಾಡು ಉಳಿಯಿತು. ನೀವು ಇಂದು ಗುರುತು ಹಾಕದೆ ಬಿಟ್ಟ ಮರ ಯಾವ ಉಪಯೋಗಕ್ಕೆ ಬರುತ್ತದೆಂದು ನಿಮಗೆ ಹೇಳಲಾಗದು. ಏಕೆ ಬಿಟ್ಟಿರಿ ಎಂಬುದನ್ನು ಮಾತ್ರ ಬರೆದಿಡಬಹುದು. ಬರಿದೇ ಮರ ಸಂಖ್ಯೆ ಇಷ್ಟು ಎನ್ನದೆ, ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಮುಂದೆ ಬರುವವರು ನಿಮ್ಮನ್ನು ಕೇಳಲು ಸಾಧ್ಯವಿಲ್ಲ.

ಸಭೆಯಿಂದ ಒಬ್ಬರು ಚೀಟಿಯಲ್ಲಿ ಬರೆದು ಕಳುಹಿಸಿದ್ದಾರೆ: ಉಪಗ್ರಹ, ಡ್ರೋನ್, ಲೇಸರ್ ಸಮೀಕ್ಷೆ ಇರುವಾಗ ಇಷ್ಟೆಲ್ಲ ನಡೆಯಬೇಕೇ? ಅವನ್ನು ಬಳಸಿ, ಕಲಿಯಿರಿ. ಮರದ ಎತ್ತರವನ್ನು, ನೆತ್ತಿಗಳು ಕೂಡಿ ಆದ ಹಸಿರು ಚಾವಣಿಯ ತೆರಪನ್ನು ಅವು ನಮಗಿಂತ ಚೆನ್ನಾಗಿ ನೋಡುತ್ತವೆ. ಆದರೆ ಆ ಅಂಕಿಗಳನ್ನೂ ನೆಲದ ಮೇಲಿನ ತಾಕುಗಳೊಂದಿಗೆ ತಾಳೆ ನೋಡಿಯೇ ನಂಬಬೇಕು. ಬುಡದ ಕೊಳೆತ, ದಟ್ಟ ನೆರಳಿನಲ್ಲಿ ಮೊಳೆತ ಸಸಿ ಯಾವ ಜಾತಿಯದು, ಮೋಟಿನ ಮೇಲೆ ಬಣ್ಣವಿದೆಯೇ ಎಂಬುದಕ್ಕೆ ಬಗ್ಗಿ ನೋಡಲೇಬೇಕು.

ಇನ್ನೊಂದು ಪ್ರಶ್ನೆ ಕಷ್ಟದ್ದು: ನೋಡದ್ದನ್ನು ನೋಡಿದ್ದೇನೆಂದು ಬರೆಯಲು ಮೇಲಿನವರು ಹೇಳಿದರೆ ಏನು ಮಾಡಬೇಕು? ಜಗಳವಾಡಬೇಡಿ, ಬರೆಯಲೂ ಬೇಡಿ. ನೀವು ನೋಡಿದ್ದನ್ನು ಆ ದಿನವೇ, ದಿನಾಂಕ ಹಾಕಿ, ಅಳಿಸಲಾಗದ ಶಾಯಿಯಲ್ಲಿ ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಕೊಟ್ಟ ಸೂಚನೆಯನ್ನು ಅದರ ಕೆಳಗೆ, ಯಾರು ಕೊಟ್ಟರು ಎಂಬುದರೊಂದಿಗೆ, ಸೂಚನೆಯೆಂದೇ ಬರೆಯಿರಿ. ಬಳಿಕ ಲಿಖಿತ ಆದೇಶ ಕೊಡಿ ಎಂದು ವಿನಯದಿಂದ ಕೇಳಿ. ಅನೇಕ ವೇಳೆ ಆ ಆದೇಶ ಬರುವುದೇ ಇಲ್ಲ. ಬಂದರೆ ಅದನ್ನು ಕಡತಕ್ಕೆ ಸೇರಿಸಿ, ನಿಮ್ಮ ಅಳತೆಯ ಹಾಳೆಯನ್ನು ಅದರ ಪಕ್ಕದಲ್ಲೇ ಇಡಿ.